ಹಾಯಿದೋಣಿಯ ಬಲ್ಕ್‌ಹೆಡ್: ಮೇಲಂಚಿನ ಬಗ್ಗೆ ಒಂದಿಷ್ಟು

ಫೈಬರ್‌ಗ್ಲಾಸ್ ಹಾಯಿದೋಣಿಯೊಳಗೆ ಅಡ್ಡಲಾಗಿ ನಿಲ್ಲಿಸಿರುವ ಪ್ಲೈವುಡ್ ಗೋಡೆಯನ್ನು, ಅಂದರೆ ಬಲ್ಕ್‌ಹೆಡ್ಡನ್ನು, ಕೋಣೆಗಳನ್ನು ಬೇರ್ಪಡಿಸುವ ಬರಿಯ ತಡಿಕೆಯೆಂದು ಭಾವಿಸುವುದು ಸುಲಭ. ಒಳಗಿನ ತಟ್ಟೆ ತೆಗೆದ ಬೆಂಕಿಪೊಟ್ಟಣವನ್ನು ಬೆರಳಿನಿಂದ ಒತ್ತಿದರೆ ಅದು ಓರೆಯಾಗುವಂತೆ, ಬಲ್ಕ್‌ಹೆಡ್ ಇಲ್ಲದಿದ್ದರೆ ಹಲ್ (ದೋಣಿಯ ಹೊರಮೈ) ಮತ್ತು ಡೆಕ್ (ಅದರ ಮೇಲಿನ ಹಾಸು) ಕೂಡ ಗಾಳಿಯ ಸೆಳೆತಕ್ಕೆ ಸಿಕ್ಕಿ ಆಕಾರ ಕಳೆದುಕೊಳ್ಳುತ್ತವೆ. ಇದನ್ನು ತಡೆಯಬೇಕಾದ ಗೋಡೆ ತಳದಲ್ಲಿ ಮತ್ತು ಪಕ್ಕಗಳಲ್ಲಿ ಹಲ್‌ಗೆ ಅಂಟಿಕೊಂಡಿದ್ದರೆ ಸಾಲದು, ಮೇಲಂಚಿನಲ್ಲಿ ಡೆಕ್ಕನ್ನೂ ಹಿಡಿದಿರಬೇಕು.

ಎಷ್ಟೋ ದೋಣಿಗಳಲ್ಲಿ ಕೊರತೆಯಿರುವುದು ಇಲ್ಲಿಯೇ. ಕಾರ್ಖಾನೆಯಲ್ಲಿ ಹಲ್ ಇನ್ನೂ ತೆರೆದಿರುವಾಗ ಗೋಡೆಯ ಕೆಳಭಾಗಕ್ಕೆ ಫೈಬರ್‌ಗ್ಲಾಸ್ ಪಟ್ಟಿಗಳನ್ನು ಗಟ್ಟಿಯಾಗುವ ಅಂಟುದ್ರವವಾದ ರೆಸಿನ್‌ನಲ್ಲಿ ತೋಯಿಸಿ ಅಂಟಿಸುತ್ತಾರೆ. ಇದಕ್ಕೆ ಟ್ಯಾಬಿಂಗ್ ಎನ್ನುತ್ತಾರೆ. ಆಮೇಲೆ ಪ್ರತ್ಯೇಕವಾಗಿ ಎರಕಗೊಂಡ ಡೆಕ್ಕನ್ನು, ಒಳಮಾಳಿಗೆಯ ಲೈನರ್ (ಒಳಹೊದಿಕೆ) ಸಮೇತ, ಮೇಲಿನಿಂದ ಇಳಿಸಿ ಹಲ್‌ನ ಅಂಚಿಗೆ ಬೋಲ್ಟ್ ಹಾಕುತ್ತಾರೆ. ಲೈನರ್ ಅಡ್ಡ ಬಂದಾಗ ಬಲ್ಕ್‌ಹೆಡ್ಡಿನ ಮೇಲಂಚು ಅದರ ತೋಡಿನೊಳಗೆ ಸುಮ್ಮನೆ ಕೂತಿರುತ್ತದೆಯೇ ಹೊರತು ಡೆಕ್‌ಗೆ ಅಂಟಿರುವುದಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ.

ಪಟಸ್ತಂಭ ಡೆಕ್ಕಿನ ಮೇಲೆಯೇ ನಿಂತಿರುವ ದೋಣಿಗಳಲ್ಲಿ ಈ ಜಾಗದ ಮೇಲೆ ಬೀಳುವ ಭಾರ ದೊಡ್ಡದು. ಸ್ತಂಭ ಕೆಳಕ್ಕೆ ಒತ್ತುತ್ತದೆ, ಬಲ್ಕ್‌ಹೆಡ್‌ಗೆ ಬಿಗಿದ ಚೈನ್‌ಪ್ಲೇಟುಗಳು, ಅಂದರೆ ಸ್ತಂಭವನ್ನು ಹಿಡಿದಿಡುವ ತಂತಿಗಳನ್ನು ಕಟ್ಟುವ ಲೋಹದ ಪಟ್ಟಿಗಳು, ಆ ಗೋಡೆಯನ್ನೇ ಮೇಲಕ್ಕೆ ಎಳೆಯುತ್ತವೆ. 1962ರಿಂದ ಕೆನಡಾದಲ್ಲಿ ತಯಾರಾದ ಆಲ್ಬರ್ಗ್ 30 ದೋಣಿಯನ್ನು ಬಲ್ಲವರಿಗೆ ಸ್ತಂಭದ ಕೆಳಗಿನ ಪದರಮರದ ತೊಲೆ ಬಿರುಕುಬಿಡುವ ಸಂಗತಿ ಹೊಸದಲ್ಲ. ಇಂಥ ತೊಲೆ ಕುಸಿದರೆ ಡೆಕ್ ತಗ್ಗುತ್ತದೆ, ಆಧಾರದ ತಂತಿಗಳು ಸಡಿಲವಾಗುತ್ತವೆ, ಒಳಗಿನ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ರಿಪೇರಿಯಲ್ಲಿ ಹೆಚ್ಚಿನ ಸಮಯ ಹಿಡಿಯುವುದು ಅಂಟಿಸುವ ಕೆಲಸವಲ್ಲ, ಸಿದ್ಧತೆ. ಲೈನರನ್ನು ಪಟ್ಟಿಯಷ್ಟು ಅಗಲಕ್ಕೆ ಕತ್ತರಿಸಿ, ಬಣ್ಣ, ವಾರ್ನಿಷ್, ಅಲಂಕಾರದ ಹಾಳೆ ಎಲ್ಲವನ್ನೂ ಬರಿಯ ಮರ ಮತ್ತು ಬರಿಯ ಫೈಬರ್‌ಗ್ಲಾಸ್ ಕಾಣುವವರೆಗೆ ಉಜ್ಜಬೇಕು. ಗಾಜಿನ ನೂಲು ಚೂಪಾದ ಮೂಲೆಯಲ್ಲಿ ಬಾಗದೆ ಹಿಂದೆ ಗಾಳಿಗುಳ್ಳೆ ಬಿಡುವುದರಿಂದ, ಮೊದಲು ದಪ್ಪಗೊಳಿಸಿದ ಎಪಾಕ್ಸಿ ರೆಸಿನ್‌ನಿಂದ ಮೂಲೆಯನ್ನು ದುಂಡಗೆ ತುಂಬಬೇಕು. ಅದರ ಮೇಲೆ, ಗೋಡೆಯ ಎರಡೂ ಬದಿಗೆ, 100, 150, 200 ಮಿಲಿಮೀಟರ್ ಎಂಬಂತೆ ಒಂದಕ್ಕಿಂತ ಒಂದು ಅಗಲವಾದ ಪಟ್ಟಿಗಳನ್ನು ಹಾಕಿದರೆ ಒತ್ತಡ ಒಂದೇ ಗೆರೆಯ ಮೇಲೆ ಬೀಳದೆ ಹರಡುತ್ತದೆ. ಹಳೆಯ ಪ್ಲೈವುಡ್ಡಿಗೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿಯ ಹಿಡಿತವೇ ಮೇಲು.

ಎಲ್ ಆಕಾರದ ಲೋಹದ ಪಟ್ಟಿಯಿಟ್ಟು ಡೆಕ್ಕಿನ ಮೂಲಕ ಬೋಲ್ಟ್ ಹಾಕುವ ಮಾರ್ಗವೂ ಇದೆಯಾದರೂ, ಪ್ರತಿಯೊಂದು ರಂಧ್ರವೂ ಡೆಕ್ಕಿನೊಳಗಿನ ಬಾಲ್ಸಾ ಮರಕ್ಕೆ ನೀರಿಳಿಯುವ ದಾರಿಯಾಗಬಲ್ಲದಾದ್ದರಿಂದ ನನ್ನ ಒಲವು ಟ್ಯಾಬಿಂಗಿನ ಕಡೆಗೇ. ಯಾವ ವಿಧಾನವಾದರೂ ಸರಿ, ಮೊದಲು ತಂತಿಗಳನ್ನು ಸಡಿಲಿಸಿ, ತಗ್ಗಿದ ಡೆಕ್ಕನ್ನು ಜಾಕ್‌ನಿಂದ ನಿಧಾನವಾಗಿ ಮೂಲ ಎತ್ತರಕ್ಕೆ ತಂದು, ರೆಸಿನ್ ಪೂರ್ತಿ ಗಟ್ಟಿಯಾಗುವವರೆಗೆ ಆ ಜಾಕನ್ನು ತೆಗೆಯಬಾರದು.