ಮೀನಿನ ಓಮ್ನಿಗೆ ಹೊಸ ತಗಡು

ಕರಾವಳಿಯಲ್ಲಿ ಹಳೆ ಮಾರುತಿ ಓಮ್ನಿ ವ್ಯಾನ್ ಕೊಳ್ಳಲು ಬಂದವರು ಎಂಜಿನ್ ಸದ್ದು ಕೇಳಿ ತಲೆ ಆಡಿಸುತ್ತಾರೆ. ಆ 796 ಸಿಸಿ ಎಂಜಿನ್ ಹೇಗೂ ಓಡುತ್ತದೆ. ಕೆಟ್ಟರೂ ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಸರಿ ಮಾಡಿಕೊಡುತ್ತಾನೆ. ನೋಡಬೇಕಾದ್ದು ಕೆಳಗೆ. ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡಿನ ಅಡಿಯನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಬೇಕು. ಟಣ್ ಅಂದರೆ ತಗಡು ಇದೆ. ದಬ್ ಅಂದರೆ ತೂತು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಏನೂ ಸದ್ದಿಲ್ಲದೆ ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ ಅದು ನನ್ನ ಗಾಡಿ.

ನನ್ನದು 2009ರ ಮಾಡೆಲ್. ಕುಂದಾಪುರದ ಹತ್ತಿರ ನನ್ನದೊಂದು ಗ್ರಿಲ್ ಅಂಗಡಿ ಇದೆ. ಕಿಟಕಿ ಗ್ರಿಲ್, ಗೇಟು, ಅಂಗಳಕ್ಕೆ ಶೀಟಿನ ಮಾಡು, ಇಂಥ ಕೆಲಸ. ಹಿಂದಿನ ಸೀಟು ಬಿಚ್ಚಿದರೆ ಓಮ್ನಿಯಲ್ಲಿ ವೆಲ್ಡಿಂಗ್ ಮಷೀನು, ಕಟ್ಟರ್, ಎರಡು ಕಿಟಕಿಯ ಗ್ರಿಲ್, ಕೆಲಸದ ಹುಡುಗ ಎಲ್ಲಾ ಹಿಡಿಸುತ್ತದೆ. ನನಗಿಂತ ಮೊದಲು ಅದು ಗಂಗೊಳ್ಳಿ ಬಂದರಿನಿಂದ ಮೀನು ಹೊತ್ತ ಗಾಡಿ. ಬಂಗುಡೆ, ಬೂತಾಯಿ, ಸಿಗಡಿ. ಥರ್ಮೊಕೋಲ್ ಪೆಟ್ಟಿಯಲ್ಲಿ ಐಸು ಕರಗಿ, ಉಪ್ಪು ಬೆರೆತ ನೀರು ದಿನವೂ ನೆಲಕ್ಕೆ ಇಳಿದಿದೆ. ವಾಸನೆ ಹೋಗಿಸಲು ನಾನು ಫಿನಾಯಿಲ್, ನಿಂಬೆಹಣ್ಣು, ಕಾಫಿಪುಡಿ ಎಲ್ಲ ಹಾಕಿ ನೋಡಿದ್ದೆ. ಎಷ್ಟು ತೊಳೆದರೂ ಮಳೆ ಬಂದ ಕೂಡಲೇ ಮೀನು ಮಾರ್ಕೆಟ್. ಕಾರಣ ಆಮೇಲೆ ಗೊತ್ತಾಯಿತು. ವಾಸನೆ ಇದ್ದದ್ದು ರನ್ನಿಂಗ್ ಬೋರ್ಡಿನ ಒಳಗಿನ ಟೊಳ್ಳಿನಲ್ಲಿ.

ಮಾರಿಬಿಡು ಅಂದವರೇ ಜಾಸ್ತಿ. ಆರ್‌ಸಿಗೆ 15 ವರ್ಷ ತುಂಬಿತ್ತು. ಮೊದಲು 600 ರೂಪಾಯಿಯಲ್ಲಿ ಮುಗಿಯುತ್ತಿದ್ದ ರಿನ್ಯೂವಲ್‌ಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಹಸಿರು ತೆರಿಗೆ ಬೇರೆ. ಇನ್‌ಸ್ಪೆಕ್ಟರ್ ಎದುರು ಗಾಡಿ ನಿಲ್ಲಿಸಬೇಕು, ಪಾಸಾದರೆ ಐದು ವರ್ಷ ನಿಶ್ಚಿಂತೆ. ಗುಜರಿಗೆ ಹಾಕಿದರೆ ಬರುವ ದುಡ್ಡಿನಲ್ಲಿ ತೆಳು ತಗಡು ಬೆಸೆಯುವ ಒಂದು ಒಳ್ಳೆ ಮಿಗ್ ವೆಲ್ಡಿಂಗ್ ಮಷೀನೂ ಬರುವುದಿಲ್ಲ. ಬೇರೆ ಓಮ್ನಿ ತಗೊಳ್ಳೋಣ ಅಂದರೆ ಕಂಪನಿ 2019ರಲ್ಲೇ ನಿಲ್ಲಿಸಿದೆ. ಸೆಕೆಂಡ್‌ಹ್ಯಾಂಡಿಗೆ ಹೋದರೆ ಇನ್ನೊಬ್ಬನ ತುಕ್ಕನ್ನು ದುಡ್ಡು ಕೊಟ್ಟು ತಂದ ಹಾಗಾಗುತ್ತದೆ. ನನ್ನ ತುಕ್ಕಿನ ಪರಿಚಯವಾದರೂ ನನಗಿದೆ, ಅಲ್ವಾ?

ಮಾರ್ಚಿನಲ್ಲಿ ಕೆಲಸಕ್ಕೆ ಕೈ ಹಾಕಿದೆ. ಜೂನ್ ಬಂತು ಅಂದರೆ ನಮ್ಮಲ್ಲಿ ಇಂಥ ಕೆಲಸ ಮರೆತುಬಿಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಗ್ರೈಂಡ್ ಮಾಡಿ ಬೆಳ್ಳಗೆ ಮಾಡಿದ ಕಬ್ಬಿಣ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ.

ರಬ್ಬರ್ ಮ್ಯಾಟ್, ಸೀಟು, ಪ್ಲಾಸ್ಟಿಕ್ ಎಲ್ಲಾ ಬಿಚ್ಚಿ, ಬಲಬದಿಯ ರನ್ನಿಂಗ್ ಬೋರ್ಡಿಗೆ ವೈರ್ ಬ್ರಶ್ ಹಿಡಿದೆ. ಮೊದಲು ಎದ್ದದ್ದು ಕಪ್ಪು ಅಂಡರ್‌ಕೋಟ್. ಅದರ ಕೆಳಗೆ ಪುಟ್ಟಿ, ಹೆಬ್ಬೆರಳಿನಷ್ಟು ದಪ್ಪ. ಅದರ ಕೆಳಗೆ ರಿವೆಟ್ ಹೊಡೆದ ಜಿಐ (ಸತು ಲೇಪಿಸಿದ) ಶೀಟಿನ ತುಂಡು. ಆ ತುಂಡು ಎತ್ತಿದರೆ ಹಳೆಯ ತಗಡು ಹಪ್ಪಳದ ಹಾಗೆ ಪದರು ಪದರಾಗಿ ಕೈಗೆ ಬಂತು. ಟೊಳ್ಳಿನ ಒಳಗೆ ಕೆಂಪು ಕೆಸರು, ಮರಳು, ಥರ್ಮೊಕೋಲಿನ ಬಿಳಿ ಕಾಳುಗಳು, ಮೀನಿನ ಪೊರೆ. ಮೇಲಿಂದ ಯಾರೋ ಸ್ಪಂಜು ತುರುಕಿ ಪುಟ್ಟಿಗೆ ಆಧಾರ ಮಾಡಿದ್ದರು. ಆ ಸ್ಪಂಜು ಹಿಂಡಿದರೆ ನೀರು ಬಂತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ!

ಯಾವ ಗ್ಯಾರೇಜಿನ ಕೆಲಸವೋ ಏನೋ. ಮಾಡಿದವನನ್ನು ಬೈಯುವ ಮನಸ್ಸೂ ಇಲ್ಲ, ಗಿರಾಕಿ ಕೊಟ್ಟ ದುಡ್ಡಿಗೆ ಅಷ್ಟೇ ಬರುವುದು. ಆದರೆ ಅವನು ಮಾಡಿದ ಒಂದು ಕೆಲಸ ಮಾತ್ರ ನನಗೆ ಹೊಟ್ಟೆ ಉರಿಸಿತು. ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಇಳಿದುಹೋಗಲು ಕಂಪನಿಯವರು ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಅಷ್ಟನ್ನೂ ಪುಟ್ಟಿ ಹಾಕಿ ನೀಟಾಗಿ ಮುಚ್ಚಿದ್ದ. ಮೇಲಿನ ಸಂದಿಯಿಂದ ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲ.

ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಆ ಕೆಲಸ ಬೇಗ ಬೇಗ ಆಗುತ್ತದೆ, ಉಪ್ಪುನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದಲ್ಲ, ಅದಕ್ಕೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಎರಡು ತಗಡು ಸೇರುವ ಜಾಗದಲ್ಲಿ ಸೇರಿಕೊಂಡರೆ ಎರಡನ್ನೂ ಉಬ್ಬಿಸಿ ಬೇರೆ ಮಾಡುತ್ತದೆ, ಆ ಸಂದಿಗೆ ಇನ್ನಷ್ಟು ನೀರು. ಹೊರಗಿನ ಪೇಂಟಿನಲ್ಲಿ ಸಣ್ಣ ಗುಳ್ಳೆ ಕಂಡಿತು ಅಂದರೆ ಒಳಗಿನಿಂದ ತಿಂದು ಮುಗಿಸಿ ಈಗ ಹೊರಗೆ ಇಣುಕಿದೆ ಅಂತ ಲೆಕ್ಕ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೈವೇ. ಟೂರಿಸ್ಟರಿಗೆ ಅದು ಫೋಟೋ. ದಿನವೂ ಆ ದಾರಿಯಲ್ಲಿ ಓಡಾಡುವ ಗಾಡಿಗೆ ಉಪ್ಪಿನ ಸ್ನಾನ.

ಕತ್ತರಿಸುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ. ಓಮ್ನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ತಗಡಿನ ಡಬ್ಬಿಯೇ ಭಾರ ಹೊರುವುದು. ರನ್ನಿಂಗ್ ಬೋರ್ಡ್ ಕತ್ತರಿಸಿದರೆ ನಡುವೆ ಗಾಡಿ ಜಗ್ಗುತ್ತದೆ. ಒಂದೆರಡು ಮಿಲಿಮೀಟರ್ ಜಗ್ಗಿದ ಸ್ಥಿತಿಯಲ್ಲೇ ಹೊಸ ತಗಡು ಬೆಸೆದರೆ ಜಾರುಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ನನ್ನ ಅಂಗಡಿಯಲ್ಲಿ ಬೇರೆ ಏನಿಲ್ಲದಿದ್ದರೂ ಒಂದಿಂಚಿನ ಚೌಕ ಪೈಪಿನ ತುಂಡುಗಳಿಗೆ ಬರ ಇಲ್ಲ. ಬಾಗಿಲಿನ ಜಾಗಕ್ಕೆ ಅಡ್ಡಡ್ಡ ಎರಡು, ಮೂಲೆಯಿಂದ ಮೂಲೆಗೆ ಒಂದು ಪೈಪ್ ಟ್ಯಾಕ್ ಮಾಡಿ, ಅಂದರೆ ಚುಕ್ಕೆ ಬೆಸುಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸಿ, ಹಾಕಿದೆ. ಗಾಡಿಯನ್ನು ನಾಲ್ಕೂ ಕಡೆ ಮಟ್ಟ ಮಾಡಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬಾಗಿಲನ್ನು ಒಮ್ಮೆ ಎಳೆದು ಮುಚ್ಚಿ, ಸಂದಿ ಅಳೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ.

ಆಮೇಲೆ ಕಟ್ಟಿಂಗ್ ವೀಲ್. ಎಲ್ಲಿಯವರೆಗೆ ಕತ್ತರಿಸಬೇಕು ಅಂದರೆ, ಗ್ರೈಂಡರ್ ಹಿಡಿದಾಗ ಬೆಳ್ಳಿ ಬಣ್ಣ ಬರುವ ತನಕ. ಕಪ್ಪು ಚುಕ್ಕೆ ಉಳಿದಿದ್ದರೆ ಇನ್ನೂ ಮುಂದೆ ಹೋಗಬೇಕು. ಕಣ್ಣಿಗೆ ಕಾಣುತ್ತಿದ್ದ ತೂತು ಅಂಗೈಯಗಲ, ಕತ್ತರಿಸಿ ಮುಗಿದಾಗ ಬಾಗಿಲಿನ ಕೆಳಗಿನ ಅಷ್ಟೂ ಉದ್ದ ಹೋಗಿತ್ತು. ಡ್ರೈವರ್ ಸೀಟಿನ ಮುಂದಿನ ನೆಲದಲ್ಲಿ ಒಂದು ಕಿಟಕಿ ಇಡುವಷ್ಟು ಜಾಗ. ಕೆಲಸದ ಹುಡುಗ ಸುತ್ತ ಒಂದು ಸುತ್ತು ಬಂದು, "ಅಣ್ಣ, ಇದಕ್ಕೆ ಗ್ರಿಲ್ ಹಾಕಿಬಿಡುವ" ಅಂದ.

ತಗಡಿನ ವಿಷಯಕ್ಕೆ ಬರೋಣ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಜಿಐ, ಇಲ್ಲವಾದರೆ 16, 18 ಗೇಜಿನ ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ದಪ್ಪ ಶೀಟು. ಗೇಜ್ ನಂಬರ್ ಹೆಚ್ಚಿದಷ್ಟೂ ತಗಡು ತೆಳು. ಓಮ್ನಿಯ ಹೊರಮೈ ನನ್ನ ವರ್ನಿಯರ್‌ನಲ್ಲಿ ಮುಕ್ಕಾಲು ಮಿಲಿಮೀಟರ್ ಆಸುಪಾಸು. ಅದಕ್ಕೆ ಬೇಕಾದ್ದು 22 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಶೀಟು, ನೆಲಕ್ಕೆ 20 ಗೇಜ್, ಅಂದರೆ 0.9 ಮಿಲಿಮೀಟರ್. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಗೆ ಹೋಗುವವರ ಕೈಯಲ್ಲಿ ತರಿಸಿದೆ. ಜಿಐ ಯಾಕೆ ಬೇಡ ಅಂದರೆ ಅದರ ಮೇಲಿರುವ ಸತುವು ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ, ಮೈಕೈ ನೋವು. ಹಾಲು ಕುಡಿದರೆ ಸರಿಯಾಗುತ್ತದೆ ಅನ್ನುವ ಮಾತು ನಮ್ಮ ಕಸುಬಿನಲ್ಲಿ ಇದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಸುಮ್ನೆ ಮಾಸ್ಕ್ ಹಾಕಿಕೊಳ್ಳಿ.

ಮೊದಲು ರಟ್ಟಿನಲ್ಲಿ ಅಳತೆ ತೆಗೆದೆ. ಟಿವಿ ಬಂದ ಪೆಟ್ಟಿಗೆಯ ರಟ್ಟು ಇದಕ್ಕೆ ಬಹಳ ಒಳ್ಳೆಯದು, ಮಡಚಿದಲ್ಲಿ ಮಡಿಕೆ ನಿಲ್ಲುತ್ತದೆ. ರಟ್ಟು ಸರಿಯಾಗಿ ಕೂತ ಮೇಲೆ ಅದನ್ನು ಶೀಟಿನ ಮೇಲಿಟ್ಟು ಗೀಚಿ, ಕತ್ತರಿಸಿ, ಎರಡು ಆಂಗಲ್ ನಡುವೆ ಕಚ್ಚಿಸಿ ಮರದ ಸುತ್ತಿಗೆಯಿಂದ ಮಡಚಿದೆ. ಕಬ್ಬಿಣದ ಸುತ್ತಿಗೆ ಹೊಡೆದರೆ ತಗಡು ಹಿಗ್ಗುತ್ತದೆ, ಮತ್ತೆ ಅದನ್ನು ಕುಗ್ಗಿಸುವುದು ದೊಡ್ಡ ರಾಮಾಯಣ.

ಇನ್ನು ವೆಲ್ಡಿಂಗ್. ಗ್ರಿಲ್‌ನವರಿಗೆ ಇದು ಕಷ್ಟ ಆಗುವುದೇ ಇಲ್ಲಿ. ನಾವು ದಿನವೂ ಹಿಡಿಯುವುದು 10 ನಂಬರ್, 12 ನಂಬರ್ ವೆಲ್ಡಿಂಗ್ ರಾಡ್, ದಪ್ಪ ಕಬ್ಬಿಣಕ್ಕೆ ಆಗುವಂಥದ್ದು. ಸರಳಿಗೆ ಸರಳು ಸೇರಿಸುವಾಗ ಒಂದೇ ಎಳೆತಕ್ಕೆ ಗೆರೆ ಎಳೆದು ಹೋಗುತ್ತೇವೆ. ಆ ಕೈಯನ್ನು 22 ಗೇಜಿನ ಮೇಲೆ ಇಟ್ಟರೆ ತೂತು, ತೂತಿನ ಪಕ್ಕ ಇನ್ನೊಂದು ತೂತು. ಅದಕ್ಕೇ ಮಿಗ್ ಮಷೀನು, 0.8 ಮಿಲಿಮೀಟರ್ ವೈರ್, ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯಲು ಸಿಒ2 ಗ್ಯಾಸಿನ ಸಿಲಿಂಡರ್. ಆರ್ಗಾನ್ ಬೆರೆಸಿದ ಗ್ಯಾಸ್ ಆದರೆ ಕಿಡಿ ಕಡಿಮೆ, ಆದರೆ ದುಬಾರಿ.

ಇದರಲ್ಲಿ ಗೆರೆ ಎಳೆಯುವ ಮಾತೇ ಇಲ್ಲ. ಟ್ರಿಗರ್ ಒತ್ತು, ಬಿಡು. ಒಂದು ಚುಕ್ಕೆ ಈ ತುದಿಯಲ್ಲಿ, ಮುಂದಿನದು ಆ ತುದಿಯಲ್ಲಿ, ಮೂರನೆಯದು ನಡುವೆ. ಬಿಸಿಯಾದ ತಗಡು ಹಿಗ್ಗುತ್ತದೆ, ಆರುವಾಗ ಮೊದಲಿಗಿಂತ ಜಾಸ್ತಿ ಕುಗ್ಗುತ್ತದೆ. ಒಂದೇ ಕಡೆ ಬಿಸಿ ಕೊಟ್ಟರೆ ಇಡೀ ಪ್ಯಾನೆಲ್ ಅಲೆ ಅಲೆಯಾಗುತ್ತದೆ. ಬರಿಗೈ ಬೆರಳು ಇಡುವಷ್ಟು ಆರಿದ ಮೇಲೆಯೇ ಪಕ್ಕದ ಚುಕ್ಕೆ. ಎರಡು ತಗಡಿನ ನಡುವೆ ಒಂದು ಹ್ಯಾಕ್ಸಾ ಬ್ಲೇಡ್ ಹೋಗುವಷ್ಟು ಸಂದಿ ಬಿಟ್ಟರೆ ಬೆಸುಗೆ ಒಳಗಿನವರೆಗೆ ಇಳಿಯುತ್ತದೆ. ಹಿಂಬದಿಯಲ್ಲಿ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತು ಬೀಳುವುದಿಲ್ಲ, ತಾಮ್ರಕ್ಕೆ ಬೆಸುಗೆ ಅಂಟುವುದೂ ಇಲ್ಲ. ಹುಡುಗ ಕೆಳಗೆ ಮಲಗಿ ಪಟ್ಟಿ ಹಿಡಿದ, ಅವನ ಅಂಗಿಗೆ ಬಿದ್ದ ತೂತುಗಳನ್ನು ಅವನ ಅಮ್ಮ ನನಗೆ ತೋರಿಸಿದ್ದೂ ಆಯಿತು.

ಕಂಪನಿಯವರು ಸ್ಪಾಟ್ ವೆಲ್ಡ್ ಮಾಡಿದ ಅಂಚುಗಳಿಗೆ ಬೇರೆ ಉಪಾಯ. ಹಳೆ ಸ್ಪಾಟುಗಳನ್ನು 8 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದು ತೆಗೆಯುವುದು. ಹೊಸ ತಗಡಿನ ಅಂಚಿನಲ್ಲಿ ಅದೇ ದೂರಕ್ಕೆ ತೂತು ಮಾಡಿ, ಸೇರುವ ಮುಖಗಳಿಗೆ ಸತುವಿನ ಪ್ರೈಮರ್ ಬಳಿದು, ಬಿಗಿದು ಕಚ್ಚಿಸಿ, ತೂತಿನೊಳಗೆ ಬೆಸುಗೆ ತುಂಬುವುದು. ತೂತಿನ ಜಾಗದ ಪ್ರೈಮರ್ ಮಾತ್ರ ಕೆರೆದು ತೆಗೆಯಬೇಕು.

ಎರಡು ಸಂಗತಿ ನನ್ನ ತಲೆ ತಿಂದವು. ಒಂದು ಗಾಳಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ಗ್ಯಾಸ್ ಹಾರಿಹೋಗಿ ಬೆಸುಗೆಯ ತುಂಬಾ ಸಣ್ಣ ಸಣ್ಣ ತೂತು. ಸುತ್ತ ಟಾರ್ಪಾಲು ಕಟ್ಟಿದರೆ ಒಳಗೆ ಸೆಕೆ. ಇನ್ನೊಂದು ವೋಲ್ಟೇಜ್. ಸಂಜೆ ಸುತ್ತಲಿನ ತೋಟದ ಪಂಪ್‌ಸೆಟ್‌ಗಳು ಶುರುವಾದವು ಅಂದರೆ ವೈರ್ ಕರಗದೆ ತಗಡಿಗೆ ಕುಟ್ಟಿ ಕುಟ್ಟಿ ನಿಲ್ಲುತ್ತಿತ್ತು. ಹಾಗಾಗಿ ಕೆಲಸವೆಲ್ಲ ಬೆಳಗ್ಗೆ ಹತ್ತರ ಒಳಗೆ.

ನಮ್ಮ ಕೇರಿಯಲ್ಲಿ ಗ್ಯಾಸ್ ವೆಲ್ಡಿಂಗ್ ಕಾಲದ ಟಿಂಕರ್, ಅಂದರೆ ಗಾಡಿಯ ತಗಡು ಕೆಲಸದವರು, ಒಬ್ಬರಿದ್ದಾರೆ. ಎಲೆಅಡಿಕೆ ಜಗಿಯುತ್ತಾ ಬಂದು ನೋಡಿದರು. ಬೆರಳಿನಿಂದ ಬೆಸುಗೆ ಸವರಿ, "ಗಟ್ಟಿ ಉಂಟು, ಆದರೆ ಇದು ಸುತ್ತಿಗೆಯ ಮಾತು ಕೇಳುವುದಿಲ್ಲ" ಅಂದರು. ಅವರು ಹೇಳಿದ್ದು ನಿಜ. ಗ್ಯಾಸಿನ ಬೆಸುಗೆ ಮೆದು, ಬಡಿದು ಮಟ್ಟ ಮಾಡಬಹುದು. ಮಿಗ್ ಬೆಸುಗೆ ಗಡುಸು, ಗ್ರೈಂಡರ್ ಬಿಟ್ಟರೆ ಬೇರೆ ದಾರಿ ಇಲ್ಲ. ಆದರೆ ಗ್ಯಾಸಿನ ಬಿಸಿ ಅಗಲಕ್ಕೆ ಹರಡುತ್ತದೆ, ಅದನ್ನು ಸಂಭಾಳಿಸುವ ಕೈ ಅವರದು, ನನ್ನದಲ್ಲ.

ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಅಂಗಡಿಯ ಹೊರಗೆ ದೂರ ಇಟ್ಟಿದ್ದೆ. ಖಾಲಿ ಇದೆಯಲ್ಲ ಅಂತ ಬಿಡುವವರಿದ್ದಾರೆ, ಖಾಲಿ ಟ್ಯಾಂಕಿನ ಆವಿಯೇ ಅಪಾಯ. ಬ್ಯಾಟರಿ ಬಿಚ್ಚಿ, ಬ್ರೇಕ್ ಪೈಪಿಗೆ ಒದ್ದೆ ಗೋಣಿ ಸುತ್ತಿ, ಪಕ್ಕದಲ್ಲಿ ಎರಡು ಬಕೆಟ್ ನೀರು.

ಬಾಗಿಲಿನ ಕೆಳಭಾಗಕ್ಕೆ ಮಾತ್ರ ರೆಡಿಮೇಡ್ ತಗಡು ತರಿಸಿದೆ, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 1988ರಲ್ಲಿ ಓಮ್ನಿ ಅನಿಸಿಕೊಂಡ ಈ ಡಬ್ಬಿ ಅಷ್ಟು ವರ್ಷ ಹೆಚ್ಚುಕಮ್ಮಿ ಅದೇ ಆಕಾರದಲ್ಲಿ ಇದ್ದದ್ದು ನಮ್ಮ ಪುಣ್ಯ, ಪ್ಯಾನೆಲ್ ಇನ್ನೂ ಸಿಗುತ್ತದೆ. ಬಂದ ತಗಡು ತೆಳು, ಅಂಚು ಸ್ವಲ್ಪ ವಕ್ರ. ಕೂರಿಸಲು ಹಿಡಿದ ಹೊತ್ತಿನಲ್ಲಿ ನಾನೇ ಒಂದು ಮಡಚಬಹುದಿತ್ತು.

ಬೆಸುಗೆ ಮುಗಿದರೆ ಅರ್ಧ ಮುಗಿಯಿತು ಅಷ್ಟೆ. ಬೆಸುಗೆಯ ಹಿಂಬದಿ, ಟೊಳ್ಳಿನ ಒಳಗೆ, ಪ್ರೈಮರ್ ಸುಟ್ಟು ಬರಿ ಕಬ್ಬಿಣ ಉಳಿದಿರುತ್ತದೆ. ಹೊರಗೆ ಎಷ್ಟು ಪೇಂಟ್ ಹೊಡೆದರೂ ಎರಡು ಮಳೆಗಾಲಕ್ಕೆ ಅಲ್ಲಿಂದಲೇ ಶುರು. ನೀರಿಳಿಯುವ ತೂತುಗಳನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಕೊರೆದೆ, ಒಂದೆರಡು ಜಾಸ್ತಿಯೇ. ಸಂದಿಗಳಿಗೆ ಸೀಲರ್, ಹೊರಗೆ ಎಪಾಕ್ಸಿ ಪ್ರೈಮರ್. ಎಲ್ಲಾ ಒಣಗಿದ ಮೇಲೆ ಉದ್ದ ನಳಿಗೆಯಿಂದ ಟೊಳ್ಳಿನ ಒಳಗೆ ಮೇಣ ಸಿಂಪಡಿಸಿದೆ, ಕೆಳಗಿನ ತೂತಿನಿಂದ ತೊಟ್ಟಿಕ್ಕುವ ತನಕ. ನಮ್ಮ ಮಾವ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿ ಅಂದಿದ್ದರು. ದೋಣಿಯ ಮರಕ್ಕೆ ಅದು ಸರಿ. ಆದರೆ ಕೈಗೆ ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ, ಗಾಡಿಯ ಕೆಳಗೆ ಅಂಗಾತ ಮಲಗಿ ಮುಖದ ಮೇಲೆ ಅದನ್ನು ತೊಟ್ಟಿಕ್ಕಿಸಿಕೊಳ್ಳುವ ಧೈರ್ಯ ನನಗಿಲ್ಲ. ಸುಟ್ಟ ಎಂಜಿನ್ ಆಯಿಲ್ ಹಾಕುವವರೂ ಇದ್ದಾರೆ. ಅದು ರಬ್ಬರ್ ಬುಶ್ಶುಗಳನ್ನು ತಿನ್ನುತ್ತದೆ, ನೆಲಕ್ಕೂ ಇಳಿಯುತ್ತದೆ.

ಅಡ್ಡ ಪೈಪುಗಳನ್ನು ಕತ್ತರಿಸಿ ಬಾಗಿಲು ಎಳೆದಾಗ ಸಂದಿ ಗೋಡೆಯ ಮೇಲೆ ಬರೆದ ಲೆಕ್ಕಕ್ಕೇ ಬಂತು. ಬಣ್ಣ ಮಾತ್ರ ಹೊಂದಿಲ್ಲ. ಹಳೆ ಬಿಳಿ ಬಿಸಿಲಿಗೆ ಹಳದಿಯಾಗಿದೆ, ಹೊಸ ಬಿಳಿ ಸುಣ್ಣ ಹೊಡೆದ ಹಾಗೆ ಎದ್ದು ಕಾಣುತ್ತದೆ. ಇನ್‌ಸ್ಪೆಕ್ಟರ್ ಕೆಳಗೆ ಬಗ್ಗಿ ನೋಡಿದರು, ಬಣ್ಣದ ಬಗ್ಗೆ ಕೇಳಲಿಲ್ಲ. ಆರ್‌ಸಿ ಆಯಿತು. ಮೀನಿನ ವಾಸನೆಯೂ ಹೋಯಿತು. ಎಡಬದಿಯ ವೀಲ್ ಆರ್ಚಿನಲ್ಲಿ ಗುಳ್ಳೆ ಕಾಣಿಸಿದೆ, ಅದು ಮಳೆ ಮುಗಿದ ಮೇಲೆ.

ಈಗ ಊರಿನಲ್ಲಿ ಎರಡು ಓಮ್ನಿ, ಒಂದು ಈಕೋ ನನ್ನ ಅಂಗಡಿ ಎದುರು ನಿಂತು ರೇಟು ಕೇಳಿ ಹೋಗಿವೆ. ಗೇಟು ಬೇಕಾದರೆ ಮಾಡಿಕೊಡುತ್ತೇನೆ ಅಂದಿದ್ದೇನೆ.