ಗುಡಿಯ ಕಥೆಯನ್ನು ಬಸ್ಸಲ್ಲೇ ಹೇಳಿಬಿಡಿ

ಥಾಯ್ಲೆಂಡಿನಲ್ಲಿ ಗೈಡ್ ಕೆಲಸ ಅಲ್ಲಿಯವರಿಗೇ ಮೀಸಲು. ನಮ್ಮಂಥ ಟೂರ್ ಮ್ಯಾನೇಜರ್‌ಗಳು ಗುಡಿಯೊಳಗೆ ನಿಂತು ವಿವರಿಸುವ ಹಾಗಿಲ್ಲ. ಹಾಗಾಗಿ ಬ್ಯಾಂಕಾಕಿನ ವಾಟ್ ಫ್ರಾ ಕ್ಯಾವ್, ಅಂದರೆ ಪಚ್ಚೆ ಬುದ್ಧನ ಗುಡಿಯ ಬಗ್ಗೆ ಹೇಳೋದನ್ನೆಲ್ಲ ನಾನು ಬಸ್ಸಲ್ಲೇ ಹೇಳಿ ಮುಗಿಸುತ್ತೇನೆ. ಈ ಕೆಲಸಕ್ಕೆ ಹೊಸಬರಾದರೆ ಕೇಳಿ: ಸುಮ್ನೆ ರಾಜರ ಹೆಸರು ಒಪ್ಪಿಸಬೇಡಿ. ಕಣ್ಣಿಗೆ ಬೀಳುವುದರಿಂದ ಶುರು ಮಾಡಿ.

ನಾನು ಶುರು ಮಾಡೋದು ರಾವಣನಿಂದ. ಬಾಗಿಲು ಕಾಯುವ ರಕ್ಕಸರಲ್ಲಿ ಹಸಿರು ಮೈಯ, ಹತ್ತು ಮುಖದವನೇ ಅವನು. ಸುತ್ತಲಿನ ಪ್ರಾಕಾರದ ಗೋಡೆ ತುಂಬ 178 ಚಿತ್ರಗಳಲ್ಲಿ ಥಾಯ್ ರಾಮಾಯಣ. "ಬುದ್ಧನ ಗುಡೀಲಿ ರಾಮಾಯಣ ಯಾಕ್ರೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಇತಿಹಾಸಕ್ಕೆ ದಾರಿ ತಾನಾಗೇ ಸಿಗುತ್ತದೆ. 1767ರಲ್ಲಿ ಬರ್ಮಾದವರು ಹಳೆಯ ರಾಜಧಾನಿ ಅಯುತ್ಥಯವನ್ನು ಹಾಳುಗೆಡವಿದರು. 1782ರಲ್ಲಿ ಚಕ್ರಿ ವಂಶದ ಮೊದಲ ರಾಜ, ಒಂದನೇ ರಾಮ, ಬ್ಯಾಂಕಾಕಿನಲ್ಲಿ ಹೊಸ ರಾಜಧಾನಿ ಕಟ್ಟಿಸಲು ಹೊರಟ. ಅರಮನೆಯ ಆವರಣದಲ್ಲೇ ಈ ಗುಡಿ ಎದ್ದಿತು. ಇದು ರಾಜರ ಗುಡಿ. ಭಿಕ್ಷುಗಳು ಇಲ್ಲಿ ವಾಸ ಮಾಡುವುದಿಲ್ಲ.

ಎತ್ತರದ ಜಗಲಿಯ ಮೇಲೆ ಸಾಲಾಗಿ ಮೂರು ಕಟ್ಟಡಗಳಿವೆ. ಎಲ್ಲರೂ ಸೆಲ್ಫಿ ತೆಗೆದು ಮುಂದೆ ಹೋಗುವ ಜಾಗ. ನನ್ನ ಲೆಕ್ಕದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದದ್ದು ಇಲ್ಲೇ. ಪಶ್ಚಿಮಕ್ಕೆ ಗಂಟೆಯ ಆಕಾರದ ಚಿನ್ನದ ಸ್ತೂಪ, ಸಿಂಹಳದ ಶೈಲಿ, ನಾಲ್ಕನೇ ರಾಮ ಕಟ್ಟಿಸಿದ್ದು. ನಡುವೆ ಒಂದನೇ ರಾಮನ ಮೊಂಡೋಪ್, ಅಂದರೆ ಮಂಟಪ. ಮೊದಲಿದ್ದ ಗ್ರಂಥಾಲಯ ಸುಟ್ಟುಹೋದ ಮೇಲೆ ಬೌದ್ಧರ ಧರ್ಮಗ್ರಂಥ ತ್ರಿಪಿಟಕ ಇಡೋಕೆ ಕಟ್ಟಿಸಿದ್ದು, ಅಪ್ಪಟ ಥಾಯ್. ಪೂರ್ವಕ್ಕೆ ಇರುವ ಪ್ರಾಸಾದದ ನೆತ್ತಿಯ ಮೇಲೆ ಖ್ಮೇರ್ ಶೈಲಿಯ ಗೋಪುರ. ಪಚ್ಚೆ ಬುದ್ಧನನ್ನು ಇಲ್ಲಿಗೆ ತರಬೇಕೆಂದು ನಾಲ್ಕನೇ ರಾಮನಿಗೆ ಆಸೆಯಿತ್ತು. ಕಟ್ಟಿ ಮುಗಿಸಿದಾಗ ಜಾಗ ಸಾಲಲಿಲ್ಲ. ಈಗ ಅಲ್ಲಿ ಚಕ್ರಿ ವಂಶದ ರಾಜರ ಪ್ರತಿಮೆಗಳಿವೆ. ಪಕ್ಕದಲ್ಲೇ ಕಾಂಬೋಡಿಯಾದ ಅಂಗ್ಕೋರ್ ವಾಟ್ ಗುಡಿಯ ಪುಟ್ಟ ಮಾದರಿ, ಅದೂ ನಾಲ್ಕನೇ ರಾಮನದೇ ಅಪ್ಪಣೆ. ಆಗ ಅಂಗ್ಕೋರ್ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಕೈಯಲ್ಲಿತ್ತು. ಇಷ್ಟು ಗೊತ್ತಿದ್ದರೆ ಆ ಆಟಿಕೆಯಂಥ ಗುಡಿ ಬೇರೆಯೇ ಕಾಣುತ್ತದೆ, ಅಲ್ವಾ?

ಪಚ್ಚೆ ಬುದ್ಧನ ಎತ್ತರ ಬರೀ 66 ಸೆಂಟಿಮೀಟರ್. ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ "ಇಷ್ಟೇನಾ?" ಅನ್ನುತ್ತಾರೆ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ಅದರ ಉಡುಪು ಬದಲಾಗುತ್ತದೆ, ಬದಲಿಸುವವರು ರಾಜರೇ. ಒಳಗೆ ಫೋಟೋ ತೆಗೆಯುವಂತಿಲ್ಲ, ಬುದ್ಧನ ಕಡೆ ಕಾಲು ಚಾಚುವಂತಿಲ್ಲ. ಶಾರ್ಟ್ಸ್ ಹಾಕಿದವರನ್ನು ಹೋಟೆಲಲ್ಲೇ ಹಿಡಿದು ಬಟ್ಟೆ ಬದಲಿಸಲು ಹೇಳಿ. ಬೆಳಗ್ಗೆ 8.30ಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಗುಂಪು ಅಲ್ಲಿರಲಿ. ಬಿಸಿಲೇರಿದ ಮೇಲೆ ಆ ಜಗಲಿಯ ಮೇಲೆ ಯಾರೂ ನಿಲ್ಲುವುದಿಲ್ಲ.