ಮಾಂಟ್ಗೊಮರಿ ಬಸ್ ನಾಟಕ: ಕೆಲಸ ಎಲ್ಲಿಗೆ ಬಂತು

ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳು ಈ ಸಲದ ಯುಗಾದಿ ಕಾರ್ಯಕ್ರಮಕ್ಕೆ, ಅಮೆರಿಕದ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ನಾಟಕ ಮಾಡುತ್ತಿದ್ದಾರೆ. ನಾವಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಕಿಂಗ್ ಹುಟ್ಟಿದ ಅಟ್ಲಾಂಟಾ ಪಕ್ಕದಲ್ಲೇ ಇದೆ. ಜನವರಿಯ ಮೂರನೇ ಸೋಮವಾರ ಅವರ ಹೆಸರಿನ ರಜೆ, 1963ರ 'ನನಗೊಂದು ಕನಸಿದೆ' ಭಾಷಣ, ಇವೆಲ್ಲ ಮಕ್ಕಳಿಗೆ ಶಾಲೆಯಿಂದಲೇ ಗೊತ್ತು. ಅಲ್ಲಿಗೇ ಬಿಟ್ಟರೆ, ಒಬ್ಬರು ಚೆನ್ನಾಗಿ ಮಾತಾಡಿದರು, ಕಾನೂನು ಬದಲಾಯ್ತು ಅಂತ ಅಂದುಕೊಳ್ಳುತ್ತಾರೆ. ಕೈ ಎತ್ತದೆ ಒಂದು ಊರನ್ನು ಬದಲಾಯಿಸಲು ಎಷ್ಟು ಜನ ಎಷ್ಟು ದುಡಿಯಬೇಕಾಯ್ತು ಅನ್ನೋದು ಅವರಿಗೆ ಕಾಣಬೇಕು. ಅದಕ್ಕೇ ಅಲಬಾಮಾದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ ಆರಿಸಿಕೊಂಡೆ.

ಜನವರಿ ಕೊನೆ

ಆಗ ಅಲ್ಲಿನ ಬಸ್ಸುಗಳಲ್ಲಿ ಬಿಳಿಯರಿಗೆ ಕಪ್ಪು ಜನ ಸೀಟು ಬಿಟ್ಟುಕೊಡಬೇಕಿತ್ತು. ಕಥೆ ಶುರು ಮಾಡಿದ್ದು ಕ್ಲಾಡೆಟ್ ಕಾಲ್ವಿನ್ ಅನ್ನುವ ಕಪ್ಪು ಹುಡುಗಿಯಿಂದ. 1955ರ ಮಾರ್ಚ್‌ನಲ್ಲಿ ಬಸ್ಸಿನ ಸೀಟು ಬಿಟ್ಟು ಏಳಲ್ಲ ಅಂದಾಗ ಅವಳಿಗೆ 15 ವರ್ಷ. ಪೊಲೀಸರು ಹಿಡಿದುಕೊಂಡು ಹೋದರು. ಹಾಗೇ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನ ಆಗಿದ್ದು ಅದೇ ವರ್ಷ ಡಿಸೆಂಬರ್ 1ರಂದು. ಆ ರಾತ್ರಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೋ ಆನ್ ರಾಬಿನ್ಸನ್ ನಿದ್ದೆಗೆಟ್ಟು, ಸೋಮವಾರ ಬಸ್ ಹತ್ತಬೇಡಿ ಅನ್ನುವ ಸಾವಿರಾರು ಕರಪತ್ರ ಅಚ್ಚು ಮಾಡಿದರು. ಡಿಸೆಂಬರ್ 5ರ ಸೋಮವಾರ ಕಪ್ಪು ಜನ ಬಸ್ ಹತ್ತಲಿಲ್ಲ. ಆಗ ಕಿಂಗ್‌ಗೆ 26 ವರ್ಷ, ಊರಿಗೆ ಬಂದು ಜಾಸ್ತಿ ದಿನ ಆಗಿರಲಿಲ್ಲ. ಆ ದಿನವೇ ಅವರನ್ನು ಚಳವಳಿಯ ಮುಂದಾಳು ಮಾಡಿದರು.

ನಮ್ಮ ಪುಟಾಣಿಯೊಬ್ಬ ತಕ್ಷಣ ಕೇಳಿದ: "ಆಂಟಿ, ಬಸ್ ಇಲ್ಲ ಅಂದ್ರೆ ಆಫೀಸಿಗೆ ಹೇಗೆ ಹೋದ್ರು?" ಈ ಪ್ರಶ್ನೆ ನಮ್ಮ ಪ್ರಾಜೆಕ್ಟಿನ ದಾರಿಯನ್ನೇ ತೋರಿಸಿತು.

ಫೆಬ್ರವರಿ ಮೊದಲ ವಾರ

ನೆಲದ ಮೇಲೆ ದೊಡ್ಡ ಚಾರ್ಟ್ ಹಾಸಿ ಊರಿನ ನಕ್ಷೆ ಬರೆದೆವು. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಅವರು ಅಡುಗೆ, ಬಟ್ಟೆ ತೊಳೆಯುವ ಕೆಲಸಕ್ಕೆ ಹೋಗುವ ಜಾಗಗಳು. ಹುಣಸೆಬೀಜಗಳು ಜನ, ಬೆಂಕಿಪೊಟ್ಟಣಗಳು ಕಾರು. ಬೀಜಗಳೆಲ್ಲ ಹೊತ್ತಿಗೆ ಸರಿಯಾಗಿ ಆಚೆ ತಲುಪಬೇಕು. ಮೊದಲು ಬರೀ ಗಲಾಟೆ. ಆಮೇಲೆ ಒಬ್ಬಳು, ಎಲ್ಲರ ಮನೆಗೂ ಹೋಗೋದು ಬೇಡ, ಅಲ್ಲಲ್ಲಿ ನಿಂತಿರೋಕೆ ಹೇಳೋಣ ಅಂದಳು. ಮಾಂಟ್ಗೊಮರಿಯವರು ಮಾಡಿದ್ದೂ ಹಾಗೇ! ಸುಮಾರು 300 ಕಾರು, ಊರ ತುಂಬ ಹತ್ತಿ ಇಳಿಯುವ ಜಾಗಗಳು. ಬೀದಿ ಬೀದಿ ಬಲ್ಲ ಅಂಚೆ ನೌಕರರು ನಕ್ಷೆ ಹಾಕಲು ನೆರವಾದರು. ಟ್ಯಾಕ್ಸಿಯವರು ಶುರುವಿನಲ್ಲಿ ಬಸ್ಸಿನಷ್ಟೇ, ಅಂದ್ರೆ 10 ಸೆಂಟ್, ತೆಗೆದುಕೊಂಡರು. ಕನಿಷ್ಠ 45 ಸೆಂಟ್ ತೆಗೆದುಕೊಳ್ಳಲೇಬೇಕು ಅಂತ ಆಡಳಿತ ಅದನ್ನೂ ತಡೆಯಿತು.

ಪೆಟ್ರೋಲಿಗೆ ದುಡ್ಡು? ಇಲ್ಲಿ ಜಾರ್ಜಿಯಾ ಗಿಲ್ಮೋರ್ ಬರುತ್ತಾರೆ, ನನಗೆ ಬಹಳ ಇಷ್ಟವಾದವರು. ಅಡುಗೆಯವರು. ಅವರೂ ಗೆಳತಿಯರೂ ಕೋಳಿ ಹುರಿದು, ಕೇಕ್, ಪೈ ಮಾಡಿ ಮಾರಿ ಚಳವಳಿಗೆ ಹಣ ಕೊಟ್ಟರು. ಯಾರ ದುಡ್ಡು ಅಂತ ಗೊತ್ತಾದರೆ ಅವರ ಕೆಲಸ ಹೋಗುತ್ತಿತ್ತು. ಅದಕ್ಕೇ ಗುಂಪಿಗೆ 'ಎಲ್ಲಿಂದಲೂ ಬಂದಿಲ್ಲದವರ ಕ್ಲಬ್' ಅನ್ನುವಂಥ ಹೆಸರು.

ಫೆಬ್ರವರಿ ನಡುವೆ

ಪಾತ್ರ ಹಂಚಿದೆವು. ಇಲ್ಲಿ ಒಂದು ನಿರ್ಧಾರ ಗಟ್ಟಿಯಾಗಿ ಮಾಡಿದ್ದೇನೆ. ಯಾವ ಮಗುವೂ ಬೈಯುವ ಬಿಳಿಯ ಡ್ರೈವರ್ ಆಗುವುದಿಲ್ಲ, ಬೈಸಿಕೊಳ್ಳುವವರೂ ಆಗುವುದಿಲ್ಲ. ಆ ಅವಮಾನವನ್ನು ವೇದಿಕೆ ಮೇಲೆ ಮಕ್ಕಳ ಆಟ ಮಾಡಬಾರದು. ಅದನ್ನು ಕಥೆ ಹೇಳುವವರು ಹೇಳುತ್ತಾರೆ. ಮಕ್ಕಳು ಕರಪತ್ರ ಹಂಚುತ್ತಾರೆ, ಅಡುಗೆ ಮಾಡುತ್ತಾರೆ, ಕಾರು ಕಳಿಸುತ್ತಾರೆ. ಇಬ್ಬರು ಅಪ್ಪಂದಿರು ರಟ್ಟಿನ ಬಸ್ ಕತ್ತರಿಸಿ ಕೊಟ್ಟಿದ್ದಾರೆ. ಬಣ್ಣ ಬಾಕಿ.

1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬ್ ಎಸೆದದ್ದನ್ನು ಹೇಳಿದಾಗ ಕ್ಲಾಸ್ ಸುಮ್ಮನಾಯ್ತು. ಒಳಗೆ ಹೆಂಡತಿ ಕೊರೆಟ್ಟಾ, ಪುಟ್ಟ ಮಗಳು ಯೊಲಾಂಡಾ. ಇಬ್ಬರಿಗೂ ಏನೂ ಆಗಲಿಲ್ಲ. ಸಿಟ್ಟಿನಿಂದ ಸೇರಿದ ಜನರಿಗೆ ಕಿಂಗ್ ಆಯುಧ ಇದ್ದರೆ ಮನೆಗೆ ಒಯ್ಯಿರಿ ಅಂದರು. "ಅವರಿಗೆ ಕೋಪ ಬರ್ಲಿಲ್ವಾ?" ಅಂದಳು ಒಬ್ಬಳು. ಬಂದೇ ಇರುತ್ತೆ ಕಣಮ್ಮ, ಯಾರಿಗಾದರೂ ಬರುತ್ತೆ ಅಂದೆ. ಕೋಪ ಬಂದಾಗ ಏನು ಮಾಡಬೇಕು ಅಂತ ಅವರು ಕೂತು ಅಭ್ಯಾಸ ಮಾಡುತ್ತಿದ್ದರು.

ಈ ವಾರ

ಆ ಅಭ್ಯಾಸವೇ ನಮ್ಮ ಕೊನೆಯ ದೃಶ್ಯ. ಸುಪ್ರೀಂ ಕೋರ್ಟ್ 1956ರ ನವೆಂಬರ್‌ನಲ್ಲಿ ಬಸ್ಸಿನ ಭೇದ ತಪ್ಪು ಅಂದಿತು. ಆ ಮೊಕದ್ದಮೆ ಹೂಡಿದ ನಾಲ್ವರು ಹೆಂಗಸರಲ್ಲಿ ಕ್ಲಾಡೆಟ್ ಕೂಡ ಒಬ್ಬಳು! ಬಸ್ ಮತ್ತೆ ಹತ್ತುವ ಮೊದಲು ಚರ್ಚಿನಲ್ಲಿ ಕುರ್ಚಿಗಳನ್ನು ಬಸ್ಸಿನ ಹಾಗೆ ಸಾಲಾಗಿ ಇಟ್ಟು ತಾಲೀಮು ನಡೆಸಿದರು. ಹಂಚಿದ ಸೂಚನೆಗಳೂ ಇದ್ದವು: ಬೈದರೆ ತಿರುಗಿ ಬೈಯಬೇಡಿ, ತಳ್ಳಿದರೆ ತಳ್ಳಬೇಡಿ, ಗೆದ್ದೆವು ಅಂತ ಜಂಬ ಬೇಡ, ಪಕ್ಕ ಕೂರುವಾಗ ಕೂರಬಹುದಾ ಅಂತ ಕೇಳಿ. ಮಕ್ಕಳು ಕುರ್ಚಿ ಸಾಲು ಮಾಡಿ ಇವನ್ನು ಒಂದೊಂದಾಗಿ ಕನ್ನಡದಲ್ಲಿ ಓದುತ್ತಾರೆ. 'ಕೂರಬಹುದಾ' ಅನ್ನುವಾಗ ಎಲ್ಲರ ದನಿಯೂ ತಾನಾಗೇ ಮೆತ್ತಗಾಗುತ್ತಿದೆ.

ಇನ್ನು ಬಾಕಿ: ಬಹಿಷ್ಕಾರ ನಡೆದ 381 ದಿನಗಳ ಕ್ಯಾಲೆಂಡರ್ ಪರದೆ, ಬಸ್ಸಿನ ಬಣ್ಣ. ಊರಿಂದ ಬಂದಿರುವ ಅಜ್ಜ ಒಬ್ಬರು 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಬಗ್ಗೆ ಮುಂದಿನ ಭಾನುವಾರ ಹೇಳುತ್ತಾರೆ. ಕಿಂಗ್ ಗಾಂಧಿಯಿಂದ ಕಲಿತವರು, 1959ರಲ್ಲಿ ಭಾರತಕ್ಕೂ ಬಂದಿದ್ದರು. ಹಾಗಾಗಿ ಆ ಕಥೆಗೂ ನಾಟಕದಲ್ಲಿ ಜಾಗ ಇದೆ. ಎಲ್ಲಿ ಸೇರಿಸೋದು ಅನ್ನೋದನ್ನು ಮಕ್ಕಳೇ ಹೇಳಲಿ.